ಮೂರು ಬಾಣಗಳ ಹಿಂದಿನ ವಿದ್ಯಾರ್ಥಿ

ಖಾಲಿಯಾದ ನೀರಿನ ಬಾಟಲಿಯೊಂದನ್ನು ತಲೆಕೆಳಗು ಮಾಡಿ ನೋಡಿ. ತಳದಲ್ಲಿ ಉಬ್ಬು ಗೆರೆಗಳ ಪುಟ್ಟ ತ್ರಿಕೋನವೊಂದು ಕಾಣುತ್ತದೆ. ಒಂದರ ಬಾಲವನ್ನು ಇನ್ನೊಂದು ಅಟ್ಟಿಸಿಕೊಂಡು ಹೋಗುವಂತಿರುವ ಮೂರು ಬಾಣಗಳು. ನಡುವೆ ಒಂದು ಅಂಕಿ. ಅಂಕಿಯಿಲ್ಲದ ಇದೇ ಬಾಣಗಳು ರಟ್ಟಿನ ಪೆಟ್ಟಿಗೆಯ ಪಕ್ಕದಲ್ಲಿ, ಕಾಗದದ ಚೀಲದ ಮೇಲೆ, ನಗರದ ಕಸದ ತೊಟ್ಟಿಗಳ ಮೇಲೆ ಇರುತ್ತವೆ. ಓದು ಬಾರದವರಿಗೂ ಅದರ ಅರ್ಥ ತಿಳಿಯುತ್ತದೆ: ‘ಇದನ್ನು ಎಸೆಯಬೇಡಿ, ಇದು ಮತ್ತೆ ಬಳಕೆಗೆ ಬರುತ್ತದೆ’. ಜಗತ್ತಿನಲ್ಲಿ ಅತಿ ಹೆಚ್ಚು ಸಲ ಅಚ್ಚಾದ ಚಿಹ್ನೆಗಳ ಸಾಲಿಗೆ ಸೇರುವ ಇದನ್ನು ಬರೆದವರು ಯಾವುದೋ ದೊಡ್ಡ ಜಾಹೀರಾತು ಕಂಪೆನಿಯ ಪರಿಣತರಿರಬೇಕೆಂದು ಯಾರಾದರೂ ಭಾವಿಸಿದರೆ ಅದು ಸಹಜವೇ. ಆದರೆ ಇದನ್ನು ಬರೆದದ್ದು 23 ವರ್ಷದ ಒಬ್ಬ ಕಾಲೇಜು ವಿದ್ಯಾರ್ಥಿ. ಅದೂ ಚಿತ್ರಕಲೆಯ ವಿದ್ಯಾರ್ಥಿಯಲ್ಲ. ಕಟ್ಟಡಗಳ ನಕ್ಷೆ ಬರೆಯುವುದನ್ನು ಕಲಿಯುತ್ತಿದ್ದವರು.

ಅವರ ಹೆಸರು ಗ್ಯಾರಿ ಆಂಡರ್ಸನ್. ಚಿಹ್ನೆ ರೂಪುಗೊಂಡದ್ದು 1970ರಲ್ಲಿ. ಬರೆಯಲು ತೆಗೆದುಕೊಂಡ ಸಮಯ ಒಂದೋ ಎರಡೋ ದಿನ. ಇಷ್ಟು ಕಡಿಮೆ ಸಮಯವೆಂದು ಒಪ್ಪಿಕೊಳ್ಳಲು ತಮಗೇ ಮುಜುಗರವಾಗುತ್ತದೆ ಎಂದು ಎಷ್ಟೋ ವರ್ಷಗಳ ನಂತರ ಅವರು ಹೇಳಿಕೊಂಡಿದ್ದಾರೆ. ಆದರೆ ಆ ಎರಡು ದಿನಗಳ ಹಿಂದೆ ಎಷ್ಟು ವರ್ಷಗಳ ನೋಟ, ಎಷ್ಟು ವ್ಯರ್ಥವೆನಿಸಿದ ಅಭ್ಯಾಸ ಇತ್ತೆಂಬುದನ್ನು ನೋಡಿದಾಗ ವಿನ್ಯಾಸವೆಂಬ ವಿದ್ಯೆ ಒಬ್ಬ ವಿದ್ಯಾರ್ಥಿಯಲ್ಲಿ ಹೇಗೆ ಬೆಳೆಯುತ್ತದೆ ಎಂಬುದು ಗೊತ್ತಾಗುತ್ತದೆ.

ಎಂಜಿನಿಯರಿಂಗ್ ಬಿಟ್ಟ ಹುಡುಗ

ಆಂಡರ್ಸನ್ ಹುಟ್ಟಿದ್ದು 1947ರಲ್ಲಿ. ಅವರಿಗೆ ಹತ್ತು ವರ್ಷವಾಗಿದ್ದಾಗ, 1957ರ ಅಕ್ಟೋಬರ್ 4ರಂದು, ಸೋವಿಯತ್ ರಷ್ಯಾ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ಅಮೆರಿಕ ಬೆಚ್ಚಿಬಿತ್ತು. ತಮ್ಮ ಮಕ್ಕಳೆಲ್ಲ ವಿಜ್ಞಾನ, ಗಣಿತ ಕಲಿತು ಎಂಜಿನಿಯರುಗಳಾಗಬೇಕು ಎಂಬ ಗಾಳಿ ದೇಶದುದ್ದಕ್ಕೂ ಬೀಸಿತು. ಆ ಗಾಳಿಯಲ್ಲೇ ಬೆಳೆದ ಆಂಡರ್ಸನ್ ಲಾಸ್ ಏಂಜಲಿಸ್ ನಗರದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗ್ ಓದತೊಡಗಿದರು. ಆದರೆ ಅದು ಅವರ ಕೈಗೆ ಹತ್ತಲಿಲ್ಲ. ಕಣ್ಣಿಗೆ ಕಾಣುವ, ಮುಟ್ಟಿ ನೋಡಬಹುದಾದ ಕೆಲಸದತ್ತ ಮನಸ್ಸು ಎಳೆಯಿತು. ವಾಸ್ತುಶಿಲ್ಪಕ್ಕೆ ಬದಲಾಯಿಸಿಕೊಂಡರು.

ನಮ್ಮಲ್ಲಿ ಇಂಥ ಹುಡುಗನನ್ನು ‘ಎಂಜಿನಿಯರಿಂಗ್ ಬಿಟ್ಟವನು’ ಎಂದು ನೆಂಟರಿಷ್ಟರು ಹತ್ತು ವರ್ಷವಾದರೂ ನೆನಪಿಸುತ್ತಿರುತ್ತಾರೆ. ಆದರೆ ಬಿಟ್ಟ ವಿದ್ಯೆಯೂ ಪೂರ್ತಿ ಬಿಟ್ಟುಹೋಗುವುದಿಲ್ಲ. ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಒಂದು ವ್ಯವಸ್ಥೆಯೊಳಕ್ಕೆ ಏನು ಹೋಗುತ್ತದೆ, ಏನು ಹೊರಬರುತ್ತದೆ ಎಂದು ಲೆಕ್ಕ ಹಾಕುವ ಎಂಜಿನಿಯರಿನ ಬುದ್ಧಿ, ಅದನ್ನು ಗೆರೆಯಲ್ಲಿ ಹಿಡಿದಿಡುವ ವಾಸ್ತುಶಿಲ್ಪಿಯ ಕೈ ಇವೆರಡೂ ಸೇರಿದ್ದರಿಂದಲೇ ಮುಂದಿನ ಕೆಲಸ ಸಾಧ್ಯವಾಯಿತು.

ಆ ಕಾಲವೂ ಅಂಥದ್ದೇ. ಮೋಟಾರು ವಾಹನಗಳ ಹೊಗೆಯ ಮೇಲೆ ಬಿಸಿಲು ಬಿದ್ದು ಓಜೋನ್ ಮೊದಲಾದ ಅನಿಲಗಳು ಉಂಟಾಗಿ, ಲಾಸ್ ಏಂಜಲಿಸ್ ಮೇಲೆ ಕಣ್ಣುರಿಸುವ ಮಂಜು ಕವಿದುಕೊಳ್ಳುತ್ತಿದ್ದ ದಿನಗಳವು. 1969ರ ಜನವರಿಯಲ್ಲಿ ಅದೇ ಕರಾವಳಿಯ ಸಾಂತಾ ಬಾರ್ಬರಾ ಬಳಿ ತೈಲಬಾವಿಯೊಂದು ಸಿಡಿದು ಸಮುದ್ರವೆಲ್ಲ ಕಪ್ಪಾಯಿತು. ಅದೇ ವರ್ಷದ ಜೂನ್‌ನಲ್ಲಿ ಒಹಾಯೊ ರಾಜ್ಯದ ಕಯಹೋಗ ನದಿಯ ಮೇಲೆ ತೇಲುತ್ತಿದ್ದ ಎಣ್ಣೆ, ಕಸಗಳಿಗೆ ಬೆಂಕಿ ಹತ್ತಿಕೊಂಡಿತು. ನೀರಿಗೇ ಬೆಂಕಿ ಬೀಳುತ್ತದೆ ಎಂದರೆ ಯಾರಿಗೆ ತಾನೇ ದಿಗಿಲಾಗದು? 1970ರ ಏಪ್ರಿಲ್ 22ರಂದು ಮೊದಲ ‘ಭೂ ದಿನ’ ಆಚರಣೆಯಾದಾಗ ಅಮೆರಿಕದ ಕಾಲೇಜು ವಿದ್ಯಾರ್ಥಿಗಳು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಬೀದಿಗಿಳಿದರು.

ರಟ್ಟಿನ ಕಂಪೆನಿಯ ಸ್ಪರ್ಧೆ

ಆ ಹೊತ್ತಿನಲ್ಲಿ ‘ಕಂಟೇನರ್ ಕಾರ್ಪೊರೇಷನ್ ಆಫ್ ಅಮೆರಿಕ’ ಎಂಬ ಷಿಕಾಗೋದ ಕಂಪೆನಿಯೊಂದು ವಿದ್ಯಾರ್ಥಿಗಳಿಗಾಗಿ ವಿನ್ಯಾಸ ಸ್ಪರ್ಧೆಯನ್ನು ಪ್ರಕಟಿಸಿತು. ರಟ್ಟಿನ ಪೆಟ್ಟಿಗೆ ತಯಾರಿಸುವ ಈ ಕಂಪೆನಿ ರದ್ದಿ ಕಾಗದವನ್ನು ದೊಡ್ಡ ಪ್ರಮಾಣದಲ್ಲಿ ಕೊಂಡು ಅರೆದು ಮತ್ತೆ ರಟ್ಟು ಮಾಡುತ್ತಿತ್ತು. ಮರುಬಳಕೆಯ ಕಾಗದವನ್ನು ಗುರುತಿಸಲು ಯಾರೂ ಬಳಸಬಹುದಾದ ಒಂದು ಚಿಹ್ನೆ ಬೇಕು ಎಂಬುದು ಅದರ ಬೇಡಿಕೆ. ಕಾಲೇಜಿನಲ್ಲಿ ಇದರ ಭಿತ್ತಿಪತ್ರ ಆಂಡರ್ಸನ್ ಅವರ ಕಣ್ಣಿಗೆ ಬಿತ್ತು.

ಕಂಪೆನಿಗೂ ಕಲೆಗೂ ಹಳೆಯ ನಂಟಿತ್ತು. ಅದರ ಸ್ಥಾಪಕ ವಾಲ್ಟರ್ ಪೆಪ್ಕೆ ಅವರಿಗೆ ವ್ಯಾಪಾರದಲ್ಲಿ ಒಳ್ಳೆಯ ವಿನ್ಯಾಸಕ್ಕೆ ಜಾಗವಿರಬೇಕೆಂಬ ಹಟ. ಕೊಲರಾಡೊ ರಾಜ್ಯದ ಆಸ್ಪೆನ್ ಎಂಬ ಬೆಟ್ಟದ ಊರಿನಲ್ಲಿ 1951ರಿಂದ ಪ್ರತಿ ವರ್ಷ ನಡೆಯುತ್ತಿದ್ದ ಅಂತಾರಾಷ್ಟ್ರೀಯ ವಿನ್ಯಾಸ ಸಮ್ಮೇಳನದ ಹಿಂದೆ ಇದ್ದವರೂ ಅವರೇ. ಸ್ಪರ್ಧೆಯ ತೀರ್ಪು ಹೊರಬಿದ್ದದ್ದು ಆ ಸಮ್ಮೇಳನದ 1970ರ ಅಧಿವೇಶನದಲ್ಲಿ. ಐನೂರಕ್ಕೂ ಹೆಚ್ಚು ಚಿತ್ರಗಳು ಬಂದಿದ್ದವು.

ಚಪ್ಪಟೆ ಚಿತ್ರ, ಮಡಿಚಿದ ಪಟ್ಟಿ

ಆಂಡರ್ಸನ್ ಸ್ಪರ್ಧೆಗೆ ಕುಳಿತಾಗ ಅವರ ಮುಂದೆ ಇದ್ದದ್ದು ಬರೀ ಖಾಲಿ ಹಾಳೆಯಲ್ಲ. ಸ್ವಲ್ಪ ಮುಂಚೆ ಅವರು ತರಗತಿಯಲ್ಲಿ ಬಳಸಿದ ನೀರಿನ ಮರುಬಳಕೆಯ ಬಗ್ಗೆ ಒಂದು ಪ್ರಾತ್ಯಕ್ಷಿಕೆ ಕೊಟ್ಟಿದ್ದರು. ಜಲಾಶಯದಿಂದ ಮನೆಗೆ, ಬಳಕೆಯಿಂದ ಶುದ್ಧೀಕರಣಕ್ಕೆ, ಅಲ್ಲಿಂದ ಮತ್ತೆ ಮೊದಲಿಗೆ ನೀರು ಹೋಗುವ ದಾರಿಯನ್ನು ಬಾಣ, ಕಮಾನುಗಳಿಂದ ತೋರಿಸುವ ರೇಖಾಚಿತ್ರವನ್ನು ಅದಕ್ಕಾಗಿ ಬರೆದಿದ್ದರು. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಜಲಚಕ್ರದ ಚಿತ್ರ ಬರೆದ ಯಾರಿಗಾದರೂ ಇದು ಗೊತ್ತಿರುವ ಸಂಗತಿಯೇ. ಸಮುದ್ರ, ಆವಿ, ಮೋಡ, ಮಳೆ, ಹೊಳೆ. ಒಂದರಿಂದ ಒಂದಕ್ಕೆ ಬಾಣ. ಅದು ತಪ್ಪೇನಲ್ಲ. ಪರೀಕ್ಷೆಯಲ್ಲಿ ಪೂರ್ತಿ ಅಂಕವೂ ಬರುತ್ತದೆ. ಆದರೆ ಆ ಚಿತ್ರದ ಪಕ್ಕದಲ್ಲಿರುವ ಹೆಸರುಗಳನ್ನು ಅಳಿಸಿಬಿಟ್ಟರೆ ಉಳಿಯುವುದು ಬರೀ ಬಾಣಗಳು. ಚಿತ್ರಕ್ಕೆ ಮಾತಿನ ಊರುಗೋಲು ಬೇಕೇ ಬೇಕು.

ಆಂಡರ್ಸನ್ ಅವರಿಗೆ ತಮ್ಮ ಹಳೆಯ ಚಿತ್ರದಲ್ಲಿ ಕಂಡ ಕೊರತೆ ಇಂಥದ್ದೇ. ಅದು ಚಪ್ಪಟೆಯಾಗಿತ್ತು. ಉದ್ದ ಅಗಲ ಇತ್ತು, ಆಳವಿರಲಿಲ್ಲ. ಬಾಣಗಳು ಹಾಳೆಯ ಮೇಲೆ ಬಿದ್ದುಕೊಂಡಿದ್ದವೇ ಹೊರತು ಚಲಿಸುತ್ತಿರಲಿಲ್ಲ. ಆಗ ಅವರಿಗೆ ನೆನಪಾದದ್ದು ಪ್ರಾಥಮಿಕ ಶಾಲೆಯಲ್ಲಿದ್ದಾಗ ಹೋಗಿಬಂದ ಒಂದು ಹೊರಸಂಚಾರ. ಮೇಷ್ಟರು ಮಕ್ಕಳನ್ನು ಪತ್ರಿಕೆಯ ಮುದ್ರಣಾಲಯಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ದೊಡ್ಡ ಸುರುಳಿಯಿಂದ ಬಿಚ್ಚಿಕೊಂಡ ಕಾಗದ ಒಂದು ಉರುಳೆಯ ಮೇಲೆ ಹತ್ತಿ, ಇನ್ನೊಂದರ ಕೆಳಗೆ ಇಳಿದು, ತಿರುಗಿ, ಮಗುಚಿ ಓಡುತ್ತಿತ್ತು. ಹುಡುಗ ಅದನ್ನು ಬೆರಗಿನಿಂದ ನೋಡಿದ್ದ. ಆ ನೋಟ ಎಲ್ಲೋ ಒಳಗೆ ಉಳಿದುಕೊಂಡು, ಬೇಕಾದ ಹೊತ್ತಿಗೆ ಹೊರಗೆ ಬಂತು.

ಬಾಣವನ್ನು ಗೆರೆಯಾಗಿ ಬರೆಯುವ ಬದಲು ಕಾಗದದ ಪಟ್ಟಿಯಾಗಿ ಬರೆದರೆ? ಆ ಪಟ್ಟಿಯನ್ನು ಮೂಲೆಯಲ್ಲಿ ಮಡಿಚಿದರೆ? ಮಡಿಕೆ ಬಿದ್ದ ಕೂಡಲೆ ಚಿತ್ರಕ್ಕೆ ಆಳ ಬಂತು. ಒಂದು ಪಟ್ಟಿ ಮೇಲೆ ಹೋಗುತ್ತದೆ, ತಿರುಗುತ್ತದೆ, ಅದರ ಬೆನ್ನು ಕಾಣುತ್ತದೆ, ಮುಂದಿನ ಪಟ್ಟಿಯತ್ತ ಬೆರಳು ತೋರಿಸುತ್ತದೆ. ಚಿಹ್ನೆ ಹೇಳಬೇಕಾಗಿದ್ದು ಕಾಗದದ ಮರುಬಳಕೆಯನ್ನು. ಚಿತ್ರವೂ ಕಾಗದದಂತೆಯೇ ನಡೆದುಕೊಂಡಿತು. ಹೇಳುವ ವಿಷಯ, ಹೇಳುವ ರೀತಿ ಎರಡೂ ಒಂದಾದವು. ಈಗ ಹೆಸರುಗಳನ್ನು ಬರೆಯುವ ಅಗತ್ಯವೇ ಇರಲಿಲ್ಲ. ಮೂರು ಬಾಣಗಳಿಗೆ ‘ಸಂಗ್ರಹ, ತಯಾರಿಕೆ, ಖರೀದಿ’ ಎಂದೂ ‘ಮಿತಬಳಕೆ, ಪುನರ್ಬಳಕೆ, ಮರುಬಳಕೆ’ ಎಂದೂ ಜನ ಅರ್ಥ ಕಟ್ಟುವುದುಂಟು. ಆದರೆ ಅರ್ಥ ಹೇಳದಿದ್ದರೂ ಕಣ್ಣು ತಾನಾಗಿ ಆ ದಾರಿಯಲ್ಲಿ ಸುತ್ತುತ್ತದೆ.

ಗಣಕಯಂತ್ರ ವಿದ್ಯಾರ್ಥಿಗಳ ಮೇಜಿನ ಮೇಲೆ ಇಲ್ಲದ ಕಾಲವದು. ಆಂಡರ್ಸನ್ ಮೊದಲು ಪೆನ್ಸಿಲಿನಲ್ಲಿ ಬರೆದು, ಅದರ ಮೇಲೆ ಕಪ್ಪು ಮಸಿಯಿಂದ ತಿದ್ದಿದರು. ಒಂದೇ ಕಲ್ಪನೆಯ ಮೂರು ರೂಪಗಳನ್ನು ಸ್ಪರ್ಧೆಗೆ ಕಳುಹಿಸಿದರು. ಆಯ್ಕೆಯಾದದ್ದು ಮೂರರಲ್ಲಿ ಅತ್ಯಂತ ಸರಳವಾದದ್ದು.

ಒಂದೇ ಮುಖದ ಕಾಗದ

ಈ ಮೂರು ಬಾಣಗಳನ್ನು ಒಂದಕ್ಕೊಂದು ಅಂಟಿಸಿದರೆ ಆಗುವ ಆಕೃತಿಗೆ ಗಣಿತದಲ್ಲಿ ಮೋಬಿಯಸ್ ಪಟ್ಟಿ ಎಂದು ಹೆಸರು. ಜರ್ಮನಿಯ ಗಣಿತಜ್ಞರಾದ ಆಗಸ್ಟ್ ಫರ್ಡಿನಾಂಡ್ ಮೋಬಿಯಸ್ ಮತ್ತು ಯೋಹಾನ್ ಲಿಸ್ಟಿಂಗ್ ಇದನ್ನು 1858ರಲ್ಲಿ ಬೇರೆ ಬೇರೆಯಾಗಿಯೇ ಕಂಡುಕೊಂಡರು. ಮಕ್ಕಳೊಡನೆ ಕುಳಿತು ಇದನ್ನು ಈಗಲೇ ಮಾಡಿ ನೋಡಬಹುದು.

ಓದಿ ಮುಗಿದ ಪತ್ರಿಕೆಯಿಂದ ಎರಡು ಬೆರಳಗಲದ ಉದ್ದನೆಯ ಪಟ್ಟಿಯೊಂದನ್ನು ಕತ್ತರಿಸಿಕೊಳ್ಳಿ. ಬಳೆಯ ಹಾಗೆ ತುದಿಗಳನ್ನು ಸೇರಿಸುವ ಮುಂಚೆ ಒಂದು ತುದಿಯನ್ನು ಅರ್ಧ ಸುತ್ತು ತಿರುಗಿಸಿ ಅಂಟಿಸಿ. ಈಗ ಪಟ್ಟಿಯ ನಡುವೆ ಪೆನ್ಸಿಲ್ ಇಟ್ಟು, ಎತ್ತದೆ ಗೆರೆ ಎಳೆಯುತ್ತಾ ಹೋಗಿ. ಗೆರೆ ಹೊರಟ ಜಾಗಕ್ಕೇ ಬಂದು ಸೇರುತ್ತದೆ; ಅಷ್ಟರಲ್ಲಿ ಕಾಗದದ ಎರಡೂ ಬದಿಗಳಲ್ಲಿ ಗೆರೆ ಬಿದ್ದಿರುತ್ತದೆ. ಅಂದರೆ ಈ ಪಟ್ಟಿಗೆ ಒಳಮೈ, ಹೊರಮೈ ಎಂಬ ಭೇದವೇ ಇಲ್ಲ. ಇರುವುದು ಒಂದೇ ಮುಖ, ಒಂದೇ ಅಂಚು. ಇನ್ನು ಅದೇ ಗೆರೆಯ ಗುಂಟ ಕತ್ತರಿಸಿ. ಎರಡು ಬಳೆಗಳಾಗುತ್ತವೆ ಎಂದುಕೊಂಡಿದ್ದರೆ ಸೋಲುತ್ತೀರಿ. ಎರಡರಷ್ಟು ಉದ್ದದ ಒಂದೇ ಬಳೆ ಕೈಗೆ ಬರುತ್ತದೆ.

ಆಂಡರ್ಸನ್ ಬರೆದ ಮೂಲ ಚಿತ್ರದಲ್ಲಿ ಎರಡು ಬಾಣಗಳು ಒಂದು ಬಗೆಯಲ್ಲಿ, ಮೂರನೆಯದು ಅದಕ್ಕೆ ವಿರುದ್ಧವಾಗಿ ಮಡಿಚಿಕೊಂಡಿದ್ದವು. ಎರಡು ಮಡಿಕೆಗಳು ಪರಸ್ಪರ ರದ್ದಾಗಿ ಉಳಿಯುವುದು ಒಂದೇ ಅರ್ಧ ಸುತ್ತು. ಇಂದು ಅನೇಕ ಕಡೆ ಅಚ್ಚಾಗುವ ಚಿಹ್ನೆಯಲ್ಲಿ ಮೂರೂ ಬಾಣಗಳು ಒಂದೇ ಬಗೆಯಲ್ಲಿ ಮಡಿಚಿರುತ್ತವೆ. ಅಲ್ಲಿ ಮೂರು ಅರ್ಧ ಸುತ್ತುಗಳು. ಸಾವಿರಾರು ಕೈಗಳಲ್ಲಿ ನಕಲಾಗುತ್ತಾ ಬಂದ ಚಿತ್ರದಲ್ಲಿ ಇಷ್ಟು ದೊಡ್ಡ ವ್ಯತ್ಯಾಸವಾಗಿದ್ದರೂ ಹೆಚ್ಚಿನವರ ಕಣ್ಣಿಗೆ ಅದು ಬಿದ್ದಿಲ್ಲ. ಮೋಬಿಯಸ್ ಪಟ್ಟಿಯ ಮೇಲೆ ಇರುವೆಗಳು ಕೊನೆಯಿಲ್ಲದೆ ನಡೆಯುವ ಚಿತ್ರವನ್ನು ಡಚ್ ಕಲಾವಿದ ಎಷರ್ 1963ರಲ್ಲಿ ಕೆತ್ತಿದ್ದರು. ಎಷರ್ ಅವರ ಚಿತ್ರಗಳೂ, ಉಣ್ಣೆ ಬಟ್ಟೆಗಳ ಮೇಲಿರುತ್ತಿದ್ದ ಉಣ್ಣೆಯುಂಡೆಯಂಥ ಗುರುತೂ ತಮ್ಮ ಮನಸ್ಸಿನಲ್ಲಿದ್ದವೆಂದು ಆಂಡರ್ಸನ್ ಹೇಳಿದ್ದಾರೆ.

ತೀರ್ಪುಗಾರರ ಕಣ್ಣು

ತೀರ್ಪುಗಾರರ ಪೀಠದಲ್ಲಿ ಕುಳಿತವರು ಆ ಕಾಲದ ವಿನ್ಯಾಸಲೋಕದ ದಿಗ್ಗಜರು. ಹಿಚ್‌ಕಾಕ್ ಅವರ ‘ವರ್ಟಿಗೊ’, ‘ಸೈಕೋ’ ಚಿತ್ರಗಳ ಶೀರ್ಷಿಕೆಗಳನ್ನು ರೂಪಿಸಿದ ಸಾಲ್ ಬಾಸ್, ಐಬಿಎಂ ಕಂಪೆನಿಯ ಬೆರಳಚ್ಚು ಯಂತ್ರಕ್ಕೆ ಹೊಸ ರೂಪ ಕೊಟ್ಟ ಎಲಿಯಟ್ ನಾಯ್ಸ್, ಜೇಮ್ಸ್ ಮಿಹೊ ಮತ್ತು ಹರ್ಬರ್ಟ್ ಬೇಯರ್ ಅವರಲ್ಲಿ ಸೇರಿದ್ದರು.

ಇವರಲ್ಲಿ ಬೇಯರ್ ಅವರದು ಬೇರೆಯೇ ಕಥೆ. ಜರ್ಮನಿಯಲ್ಲಿ 1919ರಲ್ಲಿ ಆರಂಭವಾದ ಬೌಹೌಸ್ ಎಂಬ ಪ್ರಸಿದ್ಧ ಶಾಲೆಗೆ 1921ರಲ್ಲಿ ವಿದ್ಯಾರ್ಥಿಯಾಗಿ ಸೇರಿ, 1925ರಲ್ಲಿ ಅಲ್ಲಿಯೇ ಮುದ್ರಣ ಮತ್ತು ಜಾಹೀರಾತು ವಿಭಾಗದ ಉಪಾಧ್ಯಾಯರಾದವರು ಅವರು. ಬಡಗಿ, ನೇಕಾರ, ಕುಂಬಾರ, ಚಿತ್ರಗಾರ ಎಲ್ಲರೂ ಒಂದೇ ಸೂರಿನಡಿ ಕಲಿಯಬೇಕೆಂಬುದು ಆ ಶಾಲೆಯ ತತ್ತ್ವ. ಅಲ್ಲಿ ಆರಂಭದ ತರಗತಿಗಳನ್ನು ನಡೆಸುತ್ತಿದ್ದ ಜೋಸೆಫ್ ಆಲ್ಬರ್ಸ್ ಎಂಬ ಮೇಷ್ಟರು ವಿದ್ಯಾರ್ಥಿಗಳ ಕೈಗೆ ಬಣ್ಣ, ಕುಂಚ ಕೊಡುವ ಬದಲು ಕಾಗದದ ಹಾಳೆ ಕೊಡುತ್ತಿದ್ದರು. ಅಂಟು ಬೇಡ, ಚೂರು ಉಳಿಯಬಾರದು, ಕಾಗದ ತನ್ನ ಸ್ವಭಾವಕ್ಕೆ ತಕ್ಕಂತೆ ಏನಾಗಬಲ್ಲುದೋ ಅದನ್ನು ಮಾಡಿ ಎನ್ನುವುದು ಅವರ ಪಾಠದ ರೀತಿ. ಮಲಗಿಸಿದರೆ ಬಳುಕುವ ಕಾಗದ ಮಡಿಚಿದರೆ ಭಾರ ಹೊರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ತಮ್ಮ ಬೆರಳುಗಳಿಂದಲೇ ಅರಿಯುತ್ತಿದ್ದರು. ಅಂಥ ಶಾಲೆಯಲ್ಲಿ ಪಳಗಿದ ಬೇಯರ್ ಅವರ ಎದುರಿಗೆ, ಅರ್ಧ ಶತಮಾನದ ನಂತರ, ಮಡಿಚಿದ ಕಾಗದದ ಈ ಚಿತ್ರ ಬಂದಿತ್ತು.

ಗೆದ್ದ ಚಿತ್ರವೂ ಇದ್ದಂತೆಯೇ ಅಚ್ಚಿಗೆ ಹೋಗಲಿಲ್ಲ. ಆಂಡರ್ಸನ್ ಬರೆದ ತ್ರಿಕೋನ ತುದಿಯ ಮೇಲೆ ನಿಂತಿತ್ತು. ಅಗಲವಾದ ಬದಿ ಮೇಲಕ್ಕಿತ್ತು. ಕಂಪೆನಿಯ ವಿನ್ಯಾಸಕ ಬಿಲ್ ಲಾಯ್ಡ್ ಅದನ್ನು ತಿರುಗಿಸಿ, ನೆಲದ ಮೇಲೆ ಭದ್ರವಾಗಿ ಕೂರುವಂತೆ ಮಾಡಿದರು, ಗೆರೆಗಳನ್ನೂ ಒಪ್ಪವಾಗಿಸಿದರು. ಒಂದು ಸಣ್ಣ ತಿರುವು, ಅಷ್ಟೇ. ಆದರೆ ಬೀಳುವಂತೆ ಕಾಣುತ್ತಿದ್ದ ಚಿಹ್ನೆ ನಿಂತುಕೊಂಡಿತು. ಕಲ್ಪನೆ ವಿದ್ಯಾರ್ಥಿಯದಾದರೂ ಅನುಭವಿಯ ಕೈ ಬಿದ್ದ ಮೇಲೆ ಅದು ಪಕ್ವವಾಯಿತು.

ಬಚ್ಚಿಟ್ಟ ಬಹುಮಾನ

ಗೆದ್ದ ಸುದ್ದಿ ಕಾಗದದಲ್ಲಿ ಬಂದಾಗ ಆಂಡರ್ಸನ್ ಅವರಿಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲವಂತೆ. ಆ ವಯಸ್ಸಿನಲ್ಲಿ ತಮ್ಮ ಬಗ್ಗೆ ತಮಗೆ ಸ್ವಲ್ಪ ಹೆಚ್ಚೇ ಅಭಿಮಾನವಿತ್ತು, ಗೆಲ್ಲುವುದು ಸಹಜವೆಂದುಕೊಂಡಿದ್ದೆ ಎಂದು ಅವರೇ ನಗುತ್ತಾ ಒಪ್ಪಿಕೊಂಡಿದ್ದಾರೆ. ಬಹುಮಾನದ ಹಣ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಓದುವುದಕ್ಕೆ ನೆರವಾಯಿತು. ಆಮೇಲೆ ನಗರ ಯೋಜನೆಯ ಕ್ಷೇತ್ರಕ್ಕೆ ಬಂದರು.

ವಿಚಿತ್ರವೆಂದರೆ, ಕೆಲಸ ಹುಡುಕುವಾಗ ಅವರು ಈ ಗೆಲುವನ್ನು ದೊಡ್ಡದು ಮಾಡಿ ಹೇಳಿಕೊಳ್ಳಲಿಲ್ಲ. ತಮ್ಮನ್ನು ಊರುಗಳನ್ನು ಯೋಜಿಸುವವನೆಂದು ತಿಳಿಯದೆ ಬರೀ ಚಿಹ್ನೆ ಬರೆಯುವವನೆಂದು ತಿಳಿದುಬಿಟ್ಟರೆ ಎಂಬ ಅಳುಕು. ಸರಳವಾದ ಕೆಲಸವನ್ನು ಜನ ಹಗುರವಾಗಿ ಕಾಣುತ್ತಾರೆ ಎಂಬ ಭಯ ಸುಳ್ಳೇನಲ್ಲ. ‘ಮೂರು ಬಾಣ ಬರೆಯುವುದಕ್ಕೆ ಎಷ್ಟು ಹೊತ್ತು ಬೇಕು?’ ಎಂದು ಕೇಳುವವರು ಎಲ್ಲ ಕಡೆ ಇದ್ದಾರೆ. ಹೀಗೆ ಜಗತ್ತು ಚಿಹ್ನೆಯನ್ನು ಎತ್ತಿಕೊಳ್ಳುತ್ತಿದ್ದಾಗ ಅದನ್ನು ಬರೆದವರೇ ಅದನ್ನು ಮರೆತಿದ್ದರು.

ಆಂಡರ್ಸನ್ ಕೆಲಸದ ಮೇಲೆ ಸೌದಿ ಅರೇಬಿಯಕ್ಕೆ ಹೋದರು. ಅಲ್ಲಿದ್ದಾಗ ಒಮ್ಮೆ ರಜೆಯಲ್ಲಿ ನೆದರ್‌ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ಗೆ ಬಂದಿಳಿದರು. ಎದುರಿಗೇ ಗುಮ್ಮಟದ ಆಕಾರದ ದೊಡ್ಡ ತೊಟ್ಟಿಯೊಂದು ನಿಂತಿತ್ತು. ಅದರ ಮೇಲೆ ಮಕ್ಕಳಾಡುವ ದೊಡ್ಡ ಚೆಂಡಿಗಿಂತಲೂ ಅಗಲವಾಗಿ ಅವರ ಮೂರು ಬಾಣಗಳು! ಎಷ್ಟೋ ವರ್ಷಗಳಿಂದ ನೆನೆಯದೇ ಇದ್ದ ಚಿತ್ರ ಕಡಲಾಚೆಯ ದೇಶದಲ್ಲಿ ಮುಖಕ್ಕೆ ರಾಚಿದಂತೆ ಕಂಡಾಗ ಅವರು ದಂಗಾಗಿ ನಿಂತರು. ಬರೆದವರು ಯಾರೆಂದು ತಿಳಿಯದ ಜನ ಅದರಲ್ಲಿ ತಮ್ಮ ಬಾಟಲಿಗಳನ್ನು ಹಾಕಿಹೋಗುತ್ತಿದ್ದರು.

ಚಿಹ್ನೆ ಹೀಗೆ ಹರಡಿದ್ದಕ್ಕೆ ಇನ್ನೊಂದು ಕಾರಣವಿತ್ತು. ಕಂಪೆನಿ ಅದನ್ನು ತನ್ನ ಹೆಸರಿಗೆ ನೋಂದಾಯಿಸಲು ಅರ್ಜಿ ಹಾಕಿತು. ಆಕ್ಷೇಪ ಬಂದಾಗ ಪಟ್ಟು ಹಿಡಿಯದೆ ಕೈಬಿಟ್ಟಿತು. ಹಾಗಾಗಿ ಚಿಹ್ನೆ ಸಾರ್ವಜನಿಕರ ಸ್ವತ್ತಾಯಿತು. ಊರ ಬಾವಿಯಂತೆ ಯಾರು ಬೇಕಾದರೂ ಬಳಸಬಹುದು. ಆದರೆ ಊರ ಬಾವಿಗೆ ಇರುವ ತೊಂದರೆಯೂ ಅದಕ್ಕಿತ್ತು. ಅದನ್ನು ಕಾಯುವವರು ಯಾರೂ ಇರಲಿಲ್ಲ.

ಬಾಣಗಳ ನಡುವೆ ಕುಳಿತ ಅಂಕಿ

1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ತಯಾರಕರ ಸಂಘ ಪ್ಲಾಸ್ಟಿಕ್ಕಿನ ಬಗೆಗಳನ್ನು ಗುರುತಿಸಲು 1ರಿಂದ 7ರವರೆಗಿನ ಅಂಕಿಗಳನ್ನು ಗೊತ್ತುಮಾಡಿತು. 1 ಎಂದರೆ ನೀರು, ತಂಪು ಪಾನೀಯದ ಬಾಟಲಿಗಳ ಪಿಇಟಿ, 2, ಗಟ್ಟಿ ಡಬ್ಬಗಳ ಎಚ್‌ಡಿಪಿಇ, 3, ಕೊಳಾಯಿಗಳ ಪಿವಿಸಿ, 4, ತೆಳುವಾದ ಚೀಲಗಳ ಎಲ್‌ಡಿಪಿಇ, 5, ಪಾಲಿಪ್ರೊಪಿಲೀನ್, 6, ಥರ್ಮೊಕೋಲ್ ಆಗುವ ಪಾಲಿಸ್ಟೈರೀನ್, ಉಳಿದದ್ದೆಲ್ಲ 7. ಇದು ಉಪಯುಕ್ತವಾದ ವ್ಯವಸ್ಥೆಯೇ. ಒಂದೊಂದು ಪ್ಲಾಸ್ಟಿಕ್ ಒಂದೊಂದು ಉಷ್ಣತೆಯಲ್ಲಿ ಕರಗುತ್ತದೆ; ಪಿಇಟಿಯ ರಾಶಿಯಲ್ಲಿ ಸ್ವಲ್ಪ ಪಿವಿಸಿ ಬೆರೆತರೂ ಇಡೀ ಪಾಕ ಕೆಡುತ್ತದೆ. ಬೇರ್ಪಡಿಸುವವರಿಗೆ ಅಂಕಿ ಬೇಕು.

ಆದರೆ ಸಂಘ ಈ ಅಂಕಿಗಳನ್ನು ಕೂರಿಸಿದ್ದು ಮೂರು ಬಾಣಗಳ ತ್ರಿಕೋನದೊಳಗೆ. ಅಂಕಿ ಹೇಳುತ್ತಿದ್ದುದು ‘ಇದು ಇಂಥ ಬಗೆಯ ಪ್ಲಾಸ್ಟಿಕ್’ ಎಂದಷ್ಟೇ. ಸುತ್ತಲಿನ ಬಾಣಗಳು ಹೇಳುತ್ತಿದ್ದುದು ‘ಇದು ಮತ್ತೆ ಬಳಕೆಗೆ ಬರುತ್ತದೆ’ ಎಂದು. ಸಾಮಾನ್ಯ ಜನ ಅಂಕಿಯನ್ನು ಓದಲಿಲ್ಲ, ಬಾಣವನ್ನು ಓದಿದರು. ಮರುಬಳಕೆಯ ಸೌಕರ್ಯವೇ ಅಪರೂಪವಾದ 3, 6, 7ರ ವಸ್ತುಗಳ ಮೇಲೂ ಅದೇ ಭರವಸೆ ಅಚ್ಚಾಯಿತು. 2015ರವರೆಗೆ ಜಗತ್ತಿನಲ್ಲಿ ತಯಾರಾದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್, ಅದರಲ್ಲಿ ಕಸವಾದದ್ದು ಸುಮಾರು 630 ಕೋಟಿ ಟನ್ ಎಂದು 2017ರಲ್ಲಿ ಅಮೆರಿಕದ ವಿಜ್ಞಾನಿಗಳು ಲೆಕ್ಕ ಹಾಕಿದರು. ಆ ಕಸದಲ್ಲಿ ಮರುಬಳಕೆಯಾದದ್ದು ನೂರಕ್ಕೆ 9 ಪಾಲು ಮಾತ್ರ. 12 ಪಾಲು ಸುಟ್ಟುಹೋಯಿತು. ಉಳಿದದ್ದು ನೆಲದಲ್ಲೂ ನೀರಿನಲ್ಲೂ ಬಿದ್ದಿದೆ.

ತಪ್ಪು ತಿದ್ದುವ ಪ್ರಯತ್ನಗಳೂ ನಡೆದವು. 2013ರಲ್ಲಿ ಅಂಕಿಯ ಸುತ್ತಲಿನ ಬಾಣಗಳನ್ನು ತೆಗೆದು ಬರೀ ತ್ರಿಕೋನ ಉಳಿಸುವಂತೆ ಮಾನಕವನ್ನು ಬದಲಾಯಿಸಲಾಯಿತು. 2021ರಲ್ಲಿ ಆಂಡರ್ಸನ್ ಓದಿದ ಕ್ಯಾಲಿಫೋರ್ನಿಯ ರಾಜ್ಯವೇ, ನಿಜವಾಗಿ ಮರುಬಳಕೆಯಾಗದ ವಸ್ತುಗಳ ಮೇಲೆ ಬಾಣಗಳನ್ನು ಅಚ್ಚು ಹಾಕುವುದರ ವಿರುದ್ಧ ಕಾಯಿದೆ ಮಾಡಿತು. ಆದರೂ ಹಳೆಯ ಅಚ್ಚುಗಳಿಂದ ಬಾಣಗಳು ಹೊರಬರುತ್ತಲೇ ಇವೆ.

ಕಾಗದದ ವಿಷಯದಲ್ಲಿಯೂ ಮೋಬಿಯಸ್ ಪಟ್ಟಿಯ ಭರವಸೆ ಪೂರ್ತಿ ನಿಜವಲ್ಲ. ಪ್ರತಿ ಸಲ ಅರೆದಾಗಲೂ ಕಾಗದದ ನಾರು ಗಿಡ್ಡವಾಗುತ್ತದೆ. ಐದಾರು ಸಲದ ಮೇಲೆ ಹೊಸ ನಾರು ಬೆರೆಸದಿದ್ದರೆ ಹಾಳೆ ನಿಲ್ಲುವುದಿಲ್ಲ. ಗಾಜು, ಅಲ್ಯೂಮಿನಿಯಂಗಳು ಆ ಮಾತನ್ನು ಹೆಚ್ಚು ಉಳಿಸಿಕೊಳ್ಳುತ್ತವೆ. ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ಬೇಕಾದ ಶಕ್ತಿಯ ಸುಮಾರು ಶೇಕಡ 5ರಷ್ಟರಲ್ಲಿಯೇ ಹಳೆಯ ಪಾತ್ರೆಯನ್ನು ಕರಗಿಸಿ ಹೊಸದು ಮಾಡಬಹುದು. ಗುಜರಿ ಅಂಗಡಿಯವರು ಅಲ್ಯೂಮಿನಿಯಂಗೆ ಒಳ್ಳೆಯ ಬೆಲೆ ಕೊಟ್ಟು ಥರ್ಮೊಕೋಲನ್ನು ಮುಟ್ಟದೇ ಇರುವುದಕ್ಕೆ ಕಾರಣವಿದೆ. ಚಿಹ್ನೆ ನೋಡದೆಯೂ ಅವರಿಗೆ ಈ ವಿಜ್ಞಾನ ಗೊತ್ತು.

ತರಗತಿಯಿಂದ ಬಂದ ಇತರ ಗುರುತುಗಳು

ವಿದ್ಯಾರ್ಥಿಯ ಹಾಳೆಯಿಂದ ಹೊರಟು ಊರೂರು ತಲುಪಿದ ಗುರುತುಗಳು ನಮ್ಮಲ್ಲಿಯೂ ಇವೆ. ದೂರದರ್ಶನದ ಕಣ್ಣಿನಂಥ ಲಾಂಛನ ರೂಪುಗೊಂಡದ್ದು 1970ರ ದಶಕದಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ. ದೇವಾಶಿಸ್ ಭಟ್ಟಾಚಾರ್ಯ ಎಂಬ ವಿದ್ಯಾರ್ಥಿ ಅಭ್ಯಾಸಕ್ಕೆಂದು ಬರೆದ ಚಿತ್ರವದು. ಒಂದು ದುಂಡನ್ನು ಎರಡು ಬಳುಕು ಗೆರೆಗಳು ಬಳಸಿಕೊಂಡಿರುವ ಆ ಚಿತ್ರವನ್ನು, ಮುಂದಿಟ್ಟ ಹಲವು ಮಾದರಿಗಳಿಂದ ಆರಿಸಿದವರು ಇಂದಿರಾ ಗಾಂಧಿ. ಕರ್ನಾಟಕದ ಹಳ್ಳಿಗಳಲ್ಲಿ ಭಾನುವಾರದ ಬೆಳಿಗ್ಗೆ ಪಂಚಾಯ್ತಿ ಕಟ್ಟೆಯ ಮುಂದೆ ಟಿ.ವಿ. ನೋಡಲು ಕುಳಿತವರೆಲ್ಲ ಅದು ಸುತ್ತುತ್ತಾ ಕೂಡಿಕೊಳ್ಳುವುದನ್ನು ಕಣ್ಣರಳಿಸಿ ನೋಡಿದ್ದಾರೆ.

ರೂಪಾಯಿಯ ಚಿಹ್ನೆಯ ಕಥೆ ಇನ್ನೂ ಹತ್ತಿರದ್ದು. 2010ರ ಜುಲೈ 15ರಂದು ಕೇಂದ್ರ ಸಂಪುಟ ಒಪ್ಪಿದ ಚಿಹ್ನೆಯನ್ನು ಬರೆದವರು ಮುಂಬಯಿ ಐಐಟಿಯ ಸಂಶೋಧನಾ ವಿದ್ಯಾರ್ಥಿ ಡಿ. ಉದಯಕುಮಾರ್. ತಮಿಳುನಾಡಿನ ಇವರೂ ಆಂಡರ್ಸನ್ ಅವರಂತೆ ಮೊದಲು ವಾಸ್ತುಶಿಲ್ಪ ಓದಿದವರು. ಆಮೇಲೆ ದೃಶ್ಯ ಸಂವಹನದಲ್ಲಿ ಸ್ನಾತಕೋತ್ತರ ಪದವಿ ಪಡೆದು, ತಮಿಳು ಅಕ್ಷರಗಳ ರೂಪದ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ನಡೆಸಿದರು. ಮೂರು ಸಾವಿರಕ್ಕೂ ಹೆಚ್ಚು ಚಿತ್ರಗಳ ನಡುವೆ ಅವರದು ಗೆದ್ದಿತು. ನಾಗರಿಯ ‘ರ’ ಅಕ್ಷರ, ನಿಲುಗೆರೆ ತೆಗೆದ ರೋಮನ್ ‘ಆರ್’ ಅಕ್ಷರ ಎರಡೂ ಒಂದೇ ಆಕಾರದಲ್ಲಿ ಅಡಗಿವೆ ಎಂದು ಕಾಣಲು ಅಕ್ಷರಗಳ ಮೈಕಟ್ಟನ್ನು ಅಷ್ಟು ವರ್ಷ ನೋಡಿದ ಕಣ್ಣೇ ಬೇಕಾಗಿತ್ತು. ಇಂದು ತರಕಾರಿ ಗಾಡಿಯ ಬೆಲೆಪಟ್ಟಿಯಲ್ಲಿ ಸೀಮೆಸುಣ್ಣದಿಂದ ಅದನ್ನು ಬರೆಯುವವರಿಗೆ ಈ ಯಾವ ವಿವರವೂ ಬೇಕಿಲ್ಲ. ಕೈ ತಾನಾಗಿ ಎರಡು ಅಡ್ಡಗೆರೆ ಎಳೆದು ಕೆಳಗೆ ಬಾಲ ಬಿಡುತ್ತದೆ.

ಮತ್ತೆ ವಿದ್ಯಾರ್ಥಿಯಾಗಿ

ಆಂಡರ್ಸನ್ ಸೌದಿಯಿಂದ ಹಿಂತಿರುಗಿ ಪುನಃ ಓದಿಗೆ ಕುಳಿತರು. 1985ರಲ್ಲಿ, 38ನೆಯ ವಯಸ್ಸಿನ ಸುಮಾರಿಗೆ, ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಿಂದ ಭೂಗೋಳ ಮತ್ತು ಪರಿಸರ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದರು. ಹುಡುಗನಾಗಿದ್ದಾಗ ಕೈಬಿಟ್ಟ ಎಂಜಿನಿಯರಿಂಗ್ ಸುತ್ತು ಬಳಸಿ ಹೊಸ ರೂಪದಲ್ಲಿ ಅವರ ಬಳಿಗೇ ಬಂತು. ಆಮೇಲೆ ನಗರ ಯೋಜಕರಾಗಿ ಬಹುಕಾಲ ದುಡಿದರು. ಒಂದು ಕಾಲಕ್ಕೆ ಹೇಳಿಕೊಳ್ಳಲು ಹಿಂಜರಿದಿದ್ದ ಮೂರು ಬಾಣಗಳ ಬಗ್ಗೆ ವಯಸ್ಸಾದ ಮೇಲೆ ಹೆಮ್ಮೆಯಿಂದ ಮಾತನಾಡಿದರು.

ವಿನ್ಯಾಸ ಕಲಿಯಬೇಕೆನ್ನುವ ಮಕ್ಕಳ ಕೈಗೆ ಈಗ ಗಣಕಯಂತ್ರವಿದೆ, ಬಣ್ಣಗಳಿವೆ, ಸಿದ್ಧ ಚಿತ್ರಗಳ ರಾಶಿಯಿದೆ. ಆಂಡರ್ಸನ್ ಕೈಯಲ್ಲಿದ್ದದ್ದು ಪೆನ್ಸಿಲು, ಕಪ್ಪು ಮಸಿ, ತಮಗೇ ತೃಪ್ತಿ ಕೊಡದ ಹಳೆಯ ಚಿತ್ರವೊಂದು ಮತ್ತು ಮುದ್ರಣಾಲಯದ ನೆನಪು. ಮಕ್ಕಳನ್ನು ಒಂದು ದಿನ ಪಾಠ ಬಿಡಿಸಿ ಅಲ್ಲಿಗೆ ಕರೆದುಕೊಂಡು ಹೋದ ಆ ಪ್ರಾಥಮಿಕ ಶಾಲೆಯ ಮೇಷ್ಟರಿಗೆ, ಅಂದು ಉರುಳೆಗಳ ಮೇಲೆ ಓಡುತ್ತಿದ್ದ ಕಾಗದವನ್ನು ತಮ್ಮ ಹುಡುಗನೊಬ್ಬ ಎಷ್ಟು ದೂರ ಕೊಂಡೊಯ್ದ ಎಂಬುದು ತಿಳಿದಿತ್ತೋ ಇಲ್ಲವೋ.

ಬಾಟಲಿಯ ತಳದ ತ್ರಿಕೋನವನ್ನು ಇನ್ನೊಮ್ಮೆ ಕಂಡಾಗ ನಡುವಿನ ಅಂಕಿಯನ್ನೂ ಓದಿ. ಅದು 1 ಅಥವಾ 2 ಆಗಿದ್ದರೆ, ತೊಳೆದು ಒಣಗಿಸಿ ಗುಜರಿಯವರಿಗೆ ಕೊಡಿ. ಬಾಣಗಳು ಹೇಳಿದ ಮಾತು ನಿಜವಾಗುವ ಸಂಭವ ಹೆಚ್ಚು. 6 ಅಥವಾ 7 ಆಗಿದ್ದರೆ, ಮುಂದಿನ ಸಲ ಆ ವಸ್ತುವನ್ನು ಅಂಗಡಿಯಲ್ಲಿಯೇ ಬಿಟ್ಟುಬರಬಹುದೇ ಎಂದು ಯೋಚಿಸಿ.